ಬಿಬ್ಬಿನ ಹಿಂಬದಿ: ಹಾಸನದ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಹಾಸನದಲ್ಲಿ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ನಡೆಸುವವನು. ಮದುವೆ ಕಾರ್ಡು, ಬಿಲ್ ಬುಕ್ಕು, ತಿಥಿ ಕಾರ್ಡು, ಗಣಪತಿ ಚಂದಾ ರಸೀದಿ, ಇವೇ ನಮ್ಮ ಹೊಟ್ಟೆಪಾಡು. ಕೆಲವು ವರ್ಷಗಳಿಂದ ಇನ್ನೊಂದು ಕೆಲಸವೂ ಸೇರಿಕೊಂಡಿದೆ. ಸುತ್ತಮುತ್ತ ಎಲ್ಲಾದರೂ ಮ್ಯಾರಥಾನ್ ಅಂತ ಆದರೆ ಓಡುವವರು ಎದೆಗೆ ಪಿನ್ ಹಾಕಿಕೊಳ್ಳುವ ನಂಬರ್ ಚೀಟಿ, ಅಂದರೆ ಬಿಬ್, ಎಷ್ಟೋ ಸಲ ನಮ್ಮಲ್ಲೇ ಅಚ್ಚಾಗುತ್ತದೆ.

ನನಗೆ ಓಡುವ ಹುಚ್ಚು ಹತ್ತಿದ್ದೂ ಅದರಿಂದಲೇ. ಒಂದು ಶನಿವಾರ ರಾತ್ರಿ 500 ಬಿಬ್ ತಲುಪಿಸಲು ಹೋಗಿದ್ದೆ. ಹೆಸರು ಕೊಟ್ಟವರು 499 ಜನ. "ಒಂದು ಉಳೀತಲ್ಲ, ನೀವೇ ಓಡಿಬಿಡಿ" ಅಂತ ಯಾರೋ ತಮಾಷೆ ಮಾಡಿದರು. ಮರುದಿನ ಬೆಳಿಗ್ಗೆ ಅಂಗಡಿಗೆ ಹಾಕುವ ಶೂನಲ್ಲೇ ಹೋಗಿ ನಿಂತೆ. 5 ಕಿಲೋಮೀಟರ್ ಓಟ. ಎರಡು ಓಡಿದೆ, ಮೂರು ನಡೆದೆ. ಕಾಲು ಬೊಬ್ಬೆ ಬಂದು ಒಂದು ವಾರ ಕುಂಟಿದೆ. ಆದರೂ ಆ 500ನೇ ಬಿಬ್ ಇವತ್ತಿಗೂ ಪ್ರೆಸ್ಸಿನ ಗೋಡೆ ಮೇಲಿದೆ, ಆಯುಧಪೂಜೆಗೆ ಅದಕ್ಕೂ ಅರಿಶಿನ ಕುಂಕುಮ ಆಗುತ್ತದೆ.

ಈಗ ನನಗೆ 46 ವರ್ಷ. ವಾರಕ್ಕೆ ನಾಲ್ಕು ದಿನ ಬೆಳಕು ಹರಿಯುವ ಮೊದಲು ಸಾಲಗಾಮೆ ರಸ್ತೆಯಲ್ಲಿ ಓಡುತ್ತೇನೆ. ಹಾಫ್ ಮ್ಯಾರಥಾನ್, ಅಂದರೆ 21.1 ಕಿಲೋಮೀಟರ್ ಮುಗಿಸಲು ನನಗೆ ಹೆಚ್ಚು ಕಡಿಮೆ 2 ಗಂಟೆ 50 ನಿಮಿಷ ಬೇಕು. ಫಲಿತಾಂಶದ ಪಟ್ಟಿಯಲ್ಲಿ ನನ್ನ ಹೆಸರನ್ನು ಹಿಂದಿನಿಂದ ಹುಡುಕಿದರೆ ಬೇಗ ಸಿಗುತ್ತದೆ.

ಹಿಂದೆ ಓಡುವವನಿಗೆ ಒಂದು ಅನುಕೂಲ ಇದೆ ನೋಡಿ. ಮುಂದಿನವರು ನೋಡದ್ದೆಲ್ಲ ಅವನ ಕಣ್ಣಿಗೆ ಬೀಳುತ್ತದೆ. ನೀರಿನ ಟೇಬಲ್ ಮಡಚಿ ಆಪೆ ಆಟೋಗೆ ಹಾಕುವುದು. ಖಾಲಿ ಲೋಟಗಳು ಗಾಳಿಗೆ ರಸ್ತೆ ತುಂಬಾ ಉರುಳಾಡುವುದು. ತಿರುವಿನಲ್ಲಿ ದಾರಿ ತೋರಿಸಬೇಕಾದ ಹುಡುಗ ತಿಂಡಿಗೆ ಹೋಗಿರುವುದು. ಹತ್ತಿರದ ಒಂದು ಊರಿನ ಓಟದಲ್ಲಿ ನಾನು ಕೊನೇ ತಿರುವು ತೆಗೆದುಕೊಂಡಾಗ ಫಿನಿಶ್ ಕಮಾನಿನ ಗಾಳಿ ಬಿಡುತ್ತಿದ್ದರು. ಅಷ್ಟೆತ್ತರದ ರಬ್ಬರಿನ ಕಮಾನು, ಮೊದಲು ನಡು ಬಗ್ಗಿಸಿತು, ಆಮೇಲೆ ಮಂಡಿ ಊರಿತು, ನಾನು ಹತ್ತಿರ ಬರುವಷ್ಟರಲ್ಲಿ ಅಡ್ಡಬಿತ್ತು. ನಾನು ಅದನ್ನು ದಾಟಿಕೊಂಡು ಓಟ ಮುಗಿಸಿದೆ. ಇನ್ನೂ ಕಟ್ ಆಫ್ ಮುಗಿಯಲು, ಅಂದರೆ ಅವರೇ ಕೊಟ್ಟ ಕೊನೆಯ ಗಡುವಿಗೆ, 20 ನಿಮಿಷ ಇತ್ತು. "ಸಾರಿ ಅಣ್ಣ, ಬಾಡಿಗೆಯವನು ಗಡಿಬಿಡಿ ಮಾಡ್ದ" ಅಂದರು. ನಗು ಬಂತು, ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಬೇರೆ ಸಂಗತಿಗಳಿಗೆ. ಅದನ್ನು ಹೇಳೋಣ ಅಂತಲೇ ಈ ಪತ್ರ.

ಅದಕ್ಕೆ ಮೊದಲು ಒಂದು ಸಣ್ಣ ತಕರಾರು. ನಮ್ಮ ಕಡೆ 10 ಕಿಲೋಮೀಟರ್ ಅಂದರೆ 8.6 ಆಗಬಹುದು, 10.9 ಕೂಡ ಆಗಬಹುದು. ಬೈಕಿನ ಮೀಟರ್ ನೋಡಿ ಅಳೆದುಬಿಡುತ್ತಾರೆ. ದಾರಿ ಕಡಿಮೆ ಬಿದ್ದ ದಿನ ಎಲ್ಲರಿಗೂ ಖುಷಿ, ಎಲ್ಲರ ವಾಟ್ಸಾಪ್ ಸ್ಟೇಟಸ್ಸಿನಲ್ಲೂ ಹೊಸ ದಾಖಲೆ! ಸರಿಯಾಗಿ ಅಳೆಯಲು ಕ್ರಮ ಇದೆ. ಸೈಕಲ್ಲಿನ ಮುಂದಿನ ಚಕ್ರಕ್ಕೆ ಜೋನ್ಸ್ ಕೌಂಟರ್ ಅನ್ನುವ ಪುಟ್ಟ ಎಣಿಕೆ ಸಾಧನ ಕಟ್ಟುತ್ತಾರೆ, ಟೇಪಿನಲ್ಲಿ ಅಳೆದ ದೂರದ ಮೇಲೆ ಓಡಿಸಿ ಚಕ್ರದ ಲೆಕ್ಕ ಹಿಡಿಯುತ್ತಾರೆ, ಆಮೇಲೆ ದಾರಿ ಅಳೆಯುತ್ತಾರೆ. ಎಲ್ಲೂ ಕಡಿಮೆ ಬೀಳದಿರಲಿ ಅಂತ ಕಿಲೋಮೀಟರಿಗೆ 1 ಮೀಟರ್ ಜಾಸ್ತಿಯೇ ಇಡುತ್ತಾರೆ. ತರಕಾರಿಯವನು ತಕ್ಕಡಿ ಮೇಲೆ ಇನ್ನೊಂದು ಆಲೂಗಡ್ಡೆ ಹಾಕಿದ ಹಾಗೆ. ಇರಲಿ, ಇದರಿಂದ ಯಾರ ಜೀವವೂ ಹೋಗುವುದಿಲ್ಲ.

ನೀರಿನ ವಿಷಯ ಹಾಗಲ್ಲ. ಮೂರು ವರ್ಷದ ಕೆಳಗೆ ನನಗೆ ಟ್ರಯಥ್ಲಾನ್ ಮಾಡುವ ಆಸೆ ಬಂತು. ಈಜು, ಸೈಕಲ್, ಓಟ, ಮೂರನ್ನೂ ಒಂದರ ಹಿಂದೆ ಒಂದು ಮಾಡುವುದು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಇದು ಮೊದಲು ಸೇರಿತು. ಅಲ್ಲಿಯ ಅಳತೆ ಒಂದೂವರೆ ಕಿಲೋಮೀಟರ್ ಈಜು, 40 ಕಿಲೋಮೀಟರ್ ಸೈಕಲ್, 10 ಕಿಲೋಮೀಟರ್ ಓಟ. ಸೈಕಲ್ ಭಾಗ ಒಂದೇ ಹಾಸನದಿಂದ ಬೇಲೂರಿಗೆ ಹೋದಷ್ಟಾಯಿತು. ನಾನು ಹೆಸರು ಕೊಟ್ಟಿದ್ದು ಸ್ಪ್ರಿಂಟ್ ಅನ್ನುವುದಕ್ಕೆ, ಎಲ್ಲದರಲ್ಲೂ ಅರ್ಧ. ಈಜು ನನಗೆ ಹೊಸದಲ್ಲ. ಚಿಕ್ಕವನಿದ್ದಾಗ ಮಾವ ಸೊಂಟಕ್ಕೆ ಸೋರೆ ಬುರುಡೆ ಕಟ್ಟಿ ತೋಟದ ಬಾವಿಗೆ ತಳ್ಳಿದ್ದರು. ಕಲಿತದ್ದು ಹಾಗೆ. ಸೈಕಲ್ ಅಭ್ಯಾಸ ಹಳ್ಳಿ ರಸ್ತೆಗಳಲ್ಲಿ. ಸುಗ್ಗಿಯಲ್ಲಿ ರಸ್ತೆ ಮೇಲೆ ರಾಗಿ ಹರಡಿರುತ್ತಾರೆ, ಸಪೂರ ಚಕ್ರದ ಸೈಕಲ್ಲಿಗೆ ಅದು ಮರಳಿಗಿಂತ ಕೆಟ್ಟದು. ಎರಡು ಸಲ ಬಿದ್ದಿದ್ದೇನೆ. ಕಣ ಇಲ್ಲದವರು ಇನ್ನೇನು ಮಾಡ್ತಾರೆ ಬಿಡಿ.

ಸ್ಪರ್ಧೆ ಇದ್ದದ್ದು ಒಂದು ಕೆರೆಯಲ್ಲಿ. ಊರಿನ ಹೆಸರು ಬೇಡ. 750 ಮೀಟರ್ ಈಜಬೇಕು. ತಿರುವಿನ ಗುರುತಿಗೆ ಖಾಲಿ ನೀರಿನ ಕ್ಯಾನುಗಳನ್ನು ಕಲ್ಲಿಗೆ ಕಟ್ಟಿ ತೇಲಿಬಿಟ್ಟಿದ್ದರು. ಗಾಳಿಗೆ ಒಂದು ಕ್ಯಾನು ಕಲ್ಲನ್ನೂ ಎಳೆದುಕೊಂಡು ಆಚೆ ದಡದ ಕಡೆ ಹೊರಟಿತು. ನಾವೂ ಅದರ ಹಿಂದೆ ಹೊರಟೆವು! ಕೆರೆ ಮಧ್ಯದಲ್ಲಿ ಒಂದೇ ಒಂದು ಹರಿಗೋಲು. ಅದರಲ್ಲಿ ಒಬ್ಬ ಮೀನುಗಾರ, ವಯಸ್ಸು ಅರವತ್ತು ದಾಟಿರಬೇಕು, ಬೀಡಿ ಕಚ್ಚಿಕೊಂಡು ಕೂತಿದ್ದರು. ಅವರನ್ನು ಯಾಕೆ ಕರೆದಿದ್ದರೋ, ಫೋಟೊಗೆ ಚೆಂದ ಅಂತಲೋ ಏನೋ.

ನಾನು ದಡಕ್ಕೆ ಬಂದು ಕೆಸರಿನ ಕಾಲಲ್ಲೇ ಸೈಕಲ್ ಹತ್ತಿರ ಓಡುತ್ತಿದ್ದೆ. ಹಿಂದಿನಿಂದ ಆ ಅಜ್ಜ ಕೂಗಿದರು. "ಹೋಗಿದ್ದು ನಲವತ್ತೊಂದು. ಬಂದಿದ್ದು ನಲವತ್ತು."

ಮೈಕಿನಲ್ಲಿ ಹಾಡು ಬರುತ್ತಿತ್ತು. ಯಾರೂ ತಿರುಗಿ ನೋಡಲಿಲ್ಲ. ಅಜ್ಜ ಹರಿಗೋಲಿನಲ್ಲೇ ಎದ್ದು ನಿಂತರು. ನಿಂತರೆ ಹರಿಗೋಲು ಹೇಗೆ ಗಿರ್ರನೆ ತಿರುಗುತ್ತದೆ ಅಂತ ಗೊತ್ತಲ್ಲ, ಅಂಥದ್ದರಲ್ಲಿ ನಿಂತು ಬೆರಳು ತೋರಿಸಿ ಮತ್ತೆ ಕೂಗಿದರು. ಆಗ ಮೈಕ್ ನಿಂತಿತು. ಹತ್ತು ನಿಮಿಷ ಇಡೀ ದಡ ಉಸಿರು ಹಿಡಿದುಕೊಂಡಿತ್ತು. ಇಬ್ಬರು ಈಜುಗಾರರು ಮತ್ತೆ ನೀರಿಗೆ ಇಳಿದರು. ಕಡೆಗೆ ಆ 41ನೆಯವನು ಸಿಕ್ಕಿದ್ದು ಟೀ ಅಂಗಡಿಯಲ್ಲಿ. ತೊಡೆ ಹಿಡಿದುಕೊಂಡಿತಂತೆ, ಆಚೆ ದಡ ಹತ್ತಿ ನಡೆದುಕೊಂಡು ಬಂದು ಬನ್ನು ತಿನ್ನುತ್ತಿದ್ದ. ಬೈದವರೆಷ್ಟು, ತಬ್ಬಿಕೊಂಡವರೆಷ್ಟು.

ಎಲ್ಲ ನಕ್ಕು ಮನೆಗೆ ಹೋದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅವತ್ತು ಆ ಕೆರೆಯಲ್ಲಿ ತಲೆ ಎಣಿಸುತ್ತಿದ್ದವರು ಅವರೊಬ್ಬರೇ. ಹಾಗಂತ ಅವರಿಗೆ ಯಾರೂ ಹೇಳಿರಲಿಲ್ಲ.

ಇನ್ನೊಂದು ಘಟನೆ ಹೇಳಲು ನನಗೇ ಕಷ್ಟ, ಯಾಕಂದರೆ ಅದರಲ್ಲಿ ನನ್ನ ತಪ್ಪೂ ಇದೆ.

ಒಂದು ಮಾರ್ಚ್ ತಿಂಗಳು, ಹಾಫ್ ಮ್ಯಾರಥಾನ್. ಹಾಸನ ಬಡವರ ಊಟಿ, ಇಲ್ಲಿ ಎಂಥ ಬಿಸಿಲು ಅನ್ನುವುದು ನಮ್ಮವರ ಹಳೇ ಜಂಬ. ಶಿವರಾತ್ರಿಗೆ ಚಳಿ ಶಿವಶಿವ ಅಂತ ಓಡಿಹೋಗುತ್ತದೆ ಅನ್ನುವುದನ್ನೂ ನಾವೇ ಹೇಳುತ್ತೇವೆ. ಓಟ ಶುರುವಾಗಬೇಕಿದ್ದದ್ದು 6 ಗಂಟೆಗೆ. ಅತಿಥಿಗಳು ಬಂದಿರಲಿಲ್ಲ. ಬಂದರು, ದೀಪ ಹಚ್ಚಿದರು, ಶಾಲು ಹೊದಿಸಿದರು, ನಾಲ್ಕು ಜನ ಮಾತಾಡಿದರು. ಹಸಿರು ಬಾವುಟ ಬೀಸಿದ್ದು 7.35ಕ್ಕೆ. ಮೊದಲು ಬಂದ ಹುಡುಗ ಒಂದೂಕಾಲು ಗಂಟೆಯಲ್ಲಿ ಮುಗಿಸಿದ, 8.50ಕ್ಕೆ. ಹೇಳಿದ ಹೊತ್ತಿಗೆ ಬಿಟ್ಟಿದ್ದರೆ ನಾನೇ 8.50ಕ್ಕೆ ಮುಗಿಸಿರುತ್ತಿದ್ದೆ! ತಡವಾದ ಒಂದೂವರೆ ಗಂಟೆ ಅವನಿಗೆ ಬೇಜಾರು ಅಷ್ಟೆ. ನನ್ನಂಥವರು ಅದಕ್ಕೆ ಹತ್ತು ಗಂಟೆಯ ಬಿಸಿಲಿನಲ್ಲಿ ಕಂದಾಯ ಕಟ್ಟಬೇಕು. ದೊಡ್ಡ ಓಟಗಳಲ್ಲಿ ಸುಮಾರು 5 ಕಿಲೋಮೀಟರಿಗೊಂದು ಕಡೆ ನೀರು ಇರಬೇಕು ಅಂತ ನಿಯಮ. ಇಲ್ಲೂ ಇತ್ತು. ನಾನು 15ನೇ ಕಿಲೋಮೀಟರ್ ತಲುಪಿದಾಗ ಟೇಬಲ್ ಇತ್ತು, ಕ್ಯಾನ್ ಇತ್ತು, ನೀರು ಇರಲಿಲ್ಲ.

17ರ ಹತ್ತಿರ ನನ್ನ ಮುಂದೆ ಓಡುತ್ತಿದ್ದ ಹುಡುಗ ವಾಲಾಡಲು ಶುರು ಮಾಡಿದ. ಇಪ್ಪತ್ತು ಇಪ್ಪತ್ತೆರಡು ವಯಸ್ಸಿರಬಹುದು. ರಸ್ತೆ ಬದಿಯ ಹುಣಸೆ ಮರದ ಬುಡದಲ್ಲಿ ಕುಸಿದ. ಮುಟ್ಟಿದರೆ ಮೈ ಹೆಂಚಿನ ಹಾಗೆ ಕಾದಿತ್ತು. ಏನೋ ಮಾತಾಡುತ್ತಿದ್ದ, ಅರ್ಥ ಆಗುತ್ತಿರಲಿಲ್ಲ. ಎದುರು ಮನೆಯ ಅಜ್ಜಿ ಕೊಡ ತುಂಬ ನೀರು ತಂದರು. ನಾನು ಕುತ್ತಿಗೆ, ಕಂಕುಳು, ತಲೆ ಮೇಲೆಲ್ಲ ಸುರಿದೆ. ಅವರು ಒಳಗೆ ಹೋಗಿ ಮೊರ ತಂದು ಬೀಸತೊಡಗಿದರು. ಮೊರದಲ್ಲಿ ಅಂಟಿಕೊಂಡಿದ್ದ ಅಕ್ಕಿ ತೌಡು ಅವನ ಒದ್ದೆ ಮುಖದ ಮೇಲೆಲ್ಲ ಹಾರಿ ಕೂತಿತು. ಬಿಸಿಲಿಗೆ ಹೀಗೆ ಬಿದ್ದವರಿಗೆ ಮೊದಲು ಮೈ ತಣ್ಣಗೆ ಮಾಡಬೇಕು, ಸಾಗಿಸುವುದು ಆಮೇಲೆ ಅಂತ ಬಲ್ಲ ವೈದ್ಯರು ಹೇಳುತ್ತಾರೆ. ಅಜ್ಜಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಆಂಬುಲೆನ್ಸ್ ಒಂದಿತ್ತು. ಸ್ಟಾರ್ಟಿನ ಹತ್ತಿರ, ಅತಿಥಿಗಳ ಕಾರುಗಳ ಹಿಂದೆ. ಹೊರಬರಲು ದಾರಿ ಇರಲಿಲ್ಲ.

ಅವನ ಮನೆಗೆ ಫೋನ್ ಮಾಡೋಣ ಅಂದರೆ ಹತ್ತಿರ ಮೊಬೈಲ್ ಇಲ್ಲ. ಅನುಭವ ಇರುವ ಆಯೋಜಕರು ಬಿಬ್ಬಿನ ಹಿಂಬದಿಯಲ್ಲಿ ನಾಲ್ಕು ಗೆರೆ ಹಾಕಿಸಿರುತ್ತಾರೆ. ಹೆಸರು, ರಕ್ತದ ಗುಂಪು, ಕಾಯಿಲೆ ಏನಾದರೂ ಇದ್ದರೆ ಅದು, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು ಅಂತ. ನಾನು ಪಿನ್ನು ಬಿಚ್ಚಿ ಬಿಬ್ಬನ್ನು ತಿರುಗಿಸಿದೆ. ಖಾಲಿ.

ಖಾಲಿ ಇರುತ್ತದೆ ಅಂತ ನನಗೆ ಗೊತ್ತಿತ್ತು. ಅದನ್ನು ಅಚ್ಚು ಹಾಕಿದವನೇ ನಾನು. "ಒಂದೇ ಸೈಡ್ ಸಾಕು, ಖರ್ಚು ಉಳಿಯತ್ತೆ" ಅಂದಿದ್ದರು. ನಾನು ಸರಿ ಅಂದಿದ್ದೆ. ಗಿರಾಕಿ ಹೇಳಿದ ಮೇಲೆ ಮುಗೀತು, ಅಲ್ವಾ? ಆ ಹುಡುಗ ಸಂಜೆಗೆ ಚೇತರಿಸಿಕೊಂಡ ಅಂತ ಆಮೇಲೆ ಗೊತ್ತಾಯಿತು. ಆ ಖಾಲಿ ಹಾಳೆ ಮಾತ್ರ ನನ್ನ ಕಣ್ಣಿಂದ ಹೋಗಿಲ್ಲ.

ಈಗ ನಿಮ್ಮಲ್ಲಿ ಕೇಳಿಕೊಳ್ಳುವುದು. ಸ್ಟೇಡಿಯಂ ಕಟ್ಟಿಸಿ, ಸಿಂಥೆಟಿಕ್ ಟ್ರ್ಯಾಕ್ ಹಾಕಿಸಿ ಅಂತ ಕೇಳುತ್ತಿಲ್ಲ. ಅದನ್ನು ಕೇಳುವವರು ಬೇರೆ ಇದ್ದಾರೆ. ಓಟಕ್ಕೋ ಟ್ರಯಥ್ಲಾನಿಗೋ ಅನುಮತಿ ಕೇಳಿ ಅರ್ಜಿ ನಿಮ್ಮ ಕಚೇರಿಗೋ ಪೊಲೀಸ್ ಇಲಾಖೆಗೋ ಬಂದಾಗ, ಎಷ್ಟು ಗಂಟೆಗೆ ಶುರು, ಯಾರು ಉದ್ಘಾಟನೆ ಅನ್ನುವುದರ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿಸಿ. ಕೊನೆಯವರು ಎಷ್ಟು ಗಂಟೆಗೆ ಬರುತ್ತಾರೆ, ಅಲ್ಲಿಯ ತನಕ ಯಾರು ಇರುತ್ತಾರೆ? ಅದಕ್ಕೆ ಉತ್ತರ ಬರೆಯಲು ಕೂತರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ. ಕೊನೆಯವನಿಗೆ ನೀರು ಉಳಿಯಬೇಕು ಅಂದರೆ ಎಷ್ಟು ಕ್ಯಾನ್ ಬೇಕು ಅಂತ ಲೆಕ್ಕ ಹಾಕಲೇಬೇಕು. ಅವನು ಬಿಸಿಲೇರುವ ಮೊದಲು ಮನೆ ಸೇರಬೇಕು ಅಂದರೆ ಅತಿಥಿ ಬರಲಿ ಬಿಡಲಿ 6ಕ್ಕೆ ಬಿಡಲೇಬೇಕು. ಕೆರೆಗೆ ಇಳಿದವರನ್ನೂ ಹತ್ತಿದವರನ್ನೂ ಎಣಿಸಲು ಒಬ್ಬರನ್ನು ನೇಮಿಸಲೇಬೇಕು. ಆಂಬುಲೆನ್ಸ್ ಕೊನೆಯ ಓಟಗಾರನ ಹಿಂದೆ ಬರಬೇಕೇ ಹೊರತು ವೇದಿಕೆ ಪಕ್ಕ ನಿಲ್ಲಬಾರದು. ಹೆಂಗಸರಿಗೆ ದಾರಿಯಲ್ಲಿ ಶೌಚಾಲಯ ಬೇಕು ಅನ್ನುವುದೂ ಇದೆ. ನನ್ನ ಹೆಂಡತಿ ಎರಡು ಓಟ ಓಡಿ ಇದೊಂದೇ ಕಾರಣಕ್ಕೆ ಬಿಟ್ಟಳು. ಗಂಡಸರಾದ ನಮಗೆ ಬೇಲಿ ಸಾಕು, ಅದಕ್ಕೇ ಯಾರಿಗೂ ನೆನಪಾಗಿಲ್ಲ.

ಇದೆಲ್ಲ ನಮ್ಮೂರಿಗೆ ಬಾರದ ವಿದ್ಯೆ ಏನಲ್ಲ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಬಾಗಿಲು ತೆಗೆಯುತ್ತದೆ. ವರ್ಷಕ್ಕೊಂದೇ ಸಲ. ಆ ಕೆಲವು ದಿನ ಊರಿಗೆ ಊರೇ ಸಾಲಾಗುತ್ತದೆ. ಆ ಸಾಲಿನಲ್ಲಿ ನಾನು ಎಷ್ಟೋ ವರ್ಷ ನಿಂತಿದ್ದೇನೆ. ನೆರಳಿಗೆ ಚಪ್ಪರ, ಕುಡಿಯಲು ನೀರು, ಎಳೆ ಮಗು ಇದ್ದರೆ ದಾರಿ ಬಿಡಿಸುವ ಸ್ವಯಂಸೇವಕರು. ನಡುರಾತ್ರಿ ಬಂದು ಸಾಲಿನ ಬಾಲ ಹಿಡಿದವರಿಗೂ ನೀರು ಕೊಟ್ಟಿದ್ದನ್ನು ಕಣ್ಣಾರೆ ಕಂಡಿದ್ದೇನೆ. ನೂಕುನುಗ್ಗಲಾದ ವರ್ಷಗಳೂ ಇವೆ, ಇಲ್ಲ ಅನ್ನಲ್ಲ. ಆದರೂ ಅಷ್ಟು ಜನರನ್ನು ಸಂಭಾಳಿಸುವ ಊರಿಗೆ ಭಾನುವಾರ ಬೆಳಿಗ್ಗೆ ಐನೂರು ಜನರನ್ನು ಎಣಿಸುವುದು ಯಾವ ಲೆಕ್ಕ?

ಆಯೋಜಕರು ಕೆಟ್ಟವರು ಅಂತ ತಿಳಿಯಬೇಡಿ. ಬಹಳಷ್ಟು ಜನ ಕೈಯಿಂದ ಕಾಸು ಹಾಕಿ ಮಾಡುವವರು. ನಿಯಮ ಬಿಗಿ ಮಾಡಿ ಓಟವೇ ನಿಂತುಹೋದರೆ ಹೆಚ್ಚು ನಷ್ಟ ನನಗೇ, ಕಾಲಿಗೂ ನಷ್ಟ, ಪ್ರೆಸ್ಸಿಗೂ ನಷ್ಟ. ಆದ್ದರಿಂದ ಹತ್ತು ಪುಟದ ಷರತ್ತು ಬೇಡ. ಒಂದು ಪುಟ ಸಾಕು. ಬೇಕಾದರೆ ಅದನ್ನು ನಾನೇ ಅಚ್ಚು ಹಾಕಿಕೊಡುತ್ತೇನೆ.

ಬಿಬ್ಬಿನ ಹಿಂಬದಿಗೆ ಈಗ ನಾನು ಬೇರೆ ದುಡ್ಡು ತೆಗೆದುಕೊಳ್ಳುತ್ತಿಲ್ಲ. ಬೇಡ ಅಂದರೂ ಹಾಕಿಯೇ ಕೊಡುತ್ತೇನೆ. ಬೆವರಿಗೂ ಮಳೆಗೂ ಹರಿಯದ ಟೈವೆಕ್ ಹಾಳೆ, ನಾಲ್ಕು ಗೆರೆ, ಮೇಲೆ ಕೆಂಪಕ್ಷರದಲ್ಲಿ "ತುಂಬಿಸಿ" ಅಂತ.

ಕಡೆಯದಾಗಿ ಒಂದು ಆಹ್ವಾನ. ಮುಂದಿನ ಸಲ ಯಾವುದಾದರೂ ಓಟಕ್ಕೆ ನಿಮ್ಮನ್ನು ಕರೆದರೆ, ಹಸಿರು ಬಾವುಟ ಬೇರೆಯವರು ಬೀಸಲಿ. ಆರಕ್ಕೇ ಎದ್ದು ಬರಬೇಡಿ. ನಿಧಾನವಾಗಿ ತಿಂಡಿ ತಿಂದು ಒಂಬತ್ತು ಗಂಟೆಗೆ ಫಿನಿಶ್ ಹತ್ತಿರ ಬನ್ನಿ. ನೀವು ನಿಂತಿದ್ದರೆ ಕಮಾನಿನ ಗಾಳಿ ಬಿಡಲು ಯಾರಿಗೂ ಧೈರ್ಯ ಬರುವುದಿಲ್ಲ. ನಾನೂ ಹೆಚ್ಚು ಕಡಿಮೆ ಆ ಹೊತ್ತಿಗೇ ಬರುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಹಾಸನದ ಒಬ್ಬ ಪ್ರೆಸ್ಸಿನವನು, ಬಿಬ್ ನಂಬರ್ 500