ಚಾವಣಿ ಸೋಲಾರ್ ಹಾಕಿಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನಿನ್ನೆ ಗುಂಪಿನಲ್ಲಿ ಸೋಲಾರ್ ಬಗ್ಗೆ ತುಂಬಾ ಪ್ರಶ್ನೆ ಬಂದವು. ಹಾಗಾಗಿ ಈ ಸೂಚನೆ.

ಆನ್‌ಗ್ರಿಡ್ ಸೋಲಾರ್ (ಬ್ಯಾಟರಿ ಇಲ್ಲದೆ ನೇರ ಕರೆಂಟ್ ಲೈನ್‌ಗೆ ಜೋಡಿಸಿದ್ದು) ಇದ್ದರೆ ಕರೆಂಟ್ ಹೋದಾಗಲೂ ಮನೆಯಲ್ಲಿ ಲೈಟ್ ಇರುತ್ತದೆ ಎಂದು ಹಲವರು ಅಂದುಕೊಂಡಿದ್ದೀರಿ. ಇರುವುದಿಲ್ಲ. ಲೈನ್ ಹೋದ ಕೂಡಲೇ ಪ್ಯಾನೆಲ್‌ನ ಕರೆಂಟನ್ನು ಮನೆಗೆ ಬಳಸುವಂತೆ ಮಾಡುವ ಇನ್ವರ್ಟರ್ ತಾನಾಗಿ ಆಫ್ ಆಗುತ್ತದೆ. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಮ್ಮ ಚಾವಣಿಯ ಕರೆಂಟೇ ಹೊಡೆಯಬಹುದು. ಕಳೆದ ಮಳೆಗಾಲದಲ್ಲಿ ಸಿಲ್ವರ್ ಓಕ್ ತಂತಿ ಮೇಲೆ ಬಿದ್ದು ಮೂರು ದಿನ ಕ್ಯಾಂಡಲ್ ಹಚ್ಚಿ ಕೂತಿದ್ದೆವು, ಅಲ್ವಾ? ಅಂಥ ಹೊತ್ತಿಗೆ ಬ್ಯಾಟರಿ, ಲೈನ್ ಇಲ್ಲದಾಗ ಅದರಿಂದ ಮನೆಗೆ ಕರೆಂಟ್ ಕೊಡುವ ಹೈಬ್ರಿಡ್ ಇನ್ವರ್ಟರ್ ಬೇಕು. ಖರ್ಚು ಜಾಸ್ತಿ. ನಮ್ಮ ಊರಿಗೆ ಅದೇ ಸರಿ ಅಂತ ನನ್ನ ಅನಿಸಿಕೆ.

ಚಾವಣಿ ಸೋಲಾರ್‌ಗೆ ಕೇಂದ್ರ ಸರ್ಕಾರ ಕೊಡುವ ಪಿಎಂ ಸೂರ್ಯಘರ್ ಸಬ್ಸಿಡಿ 2 ಕಿಲೋವ್ಯಾಟ್‌ಗೆ 60,000 ರೂಪಾಯಿ, 3 ಅಥವಾ ಅದಕ್ಕಿಂತ ಮೇಲೆ ಎಷ್ಟೇ ಹಾಕಿದರೂ 78,000.

ಅರ್ಜಿ ಹಾಕಿದರೆ ವಿದ್ಯುತ್ ಕಂಪನಿಯವರು ಟ್ರಾನ್ಸ್‌ಫಾರ್ಮರ್ ಯಾಕೆ ನೋಡಬೇಕು ಎಂದು ಒಬ್ಬರು ಕೇಳಿದ್ದರು. ಒಂದೇ ಟ್ರಾನ್ಸ್‌ಫಾರ್ಮರ್‌ನಲ್ಲಿ ಹತ್ತು ಮನೆಯವರು ಪ್ಯಾನೆಲ್ ಹಾಕಿದರೆ ಮಧ್ಯಾಹ್ನ ಕರೆಂಟ್ ಉಲ್ಟಾ ಹರಿದು ವೋಲ್ಟೇಜ್ ಏರುತ್ತದೆ. ಸುಮ್ನೆ ಸತಾಯಿಸುವುದಲ್ಲ ಅದು. ರಾಜ್ಯದ ಮಟ್ಟದಲ್ಲೂ ಇಂಥದೇ ತಲೆನೋವು: ಮಧ್ಯಾಹ್ನ ಸೋಲಾರ್ ಕರೆಂಟ್ ಜಾಸ್ತಿ, ಸಂಜೆ ಇಲ್ಲ. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಸಂಜೆ ಏಳಕ್ಕೆ ಸೊನ್ನೆ. ನಾವು ಟಿವಿ, ಗೀಸರ್ ಹಾಕುವುದೇ ಆಗ. ಬೇಕೆಂದಾಗ ಗೇಟ್ ತೆರೆದು ಓಡಿಸಲು ಆಗುವ ಶರಾವತಿಯಂಥ ಜಲವಿದ್ಯುತ್ತಿಗೆ ಅದಕ್ಕೇ ಅಷ್ಟು ಬೆಲೆ. ಈಗ ದೊಡ್ಡ ಬ್ಯಾಟರಿಗಳ ಕಡೆಗೂ ಕಂಪನಿಗಳು ನೋಡುತ್ತಿವೆ.

ಭಾನುವಾರ ಸಂಜೆ 4ಕ್ಕೆ ಸಮುದಾಯ ಭವನದಲ್ಲಿ ಸೇರೋಣ. ಆರ್‌ಆರ್ ನಂಬರ್ (ನಿಮ್ಮ ಸಂಪರ್ಕದ ನಂಬರ್) ಇರುವ ಹಳೆಯ ಕರೆಂಟ್ ಬಿಲ್ ಒಂದು ತನ್ನಿ. ಮಳೆ ಬಂದರೆ ಕೊಡೆಯೂ.