ಶನಿವಾರದ ಸೈನಿಕರ ಆಟ: ಏಳನೇ ತರಗತಿಯ ಪಾಲಕರಿಗೆ

ಪ್ರೀತಿಯ ಪಾಲಕರೇ,

ನಮಸ್ಕಾರ. ಕಳೆದ ಶನಿವಾರ ಶಾಲೆಯ ಕೈತೋಟದಲ್ಲಿ ಪ್ಲಾಸ್ಟಿಕ್ ಗೊಂಬೆ ಸೈನಿಕರನ್ನಿಟ್ಟು ನಡೆದ ಕಿತ್ತೂರು ಕಾಳಗದ ಆಟದಲ್ಲಿ ಚೆನ್ನಮ್ಮನ ಪಡೆ ಸೋತಿತು. ಸೋಮವಾರ ಪ್ರಾರ್ಥನೆ ಮುಗಿಯುವ ಮೊದಲೇ ನಾಲ್ವರು ನನ್ನ ಕೋಣೆಯ ಮುಂದೆ ನಿಂತಿದ್ದರು. ಸಂಜೆ ಫೋನುಗಳು ಬೇರೆ. "ನಮ್ಮ ಮಗಳನ್ನ ಇಂಗ್ಲಿಷರ ಕಡೆ ಯಾಕೆ ಹಾಕಿದಿರಿ ಅಕ್ಕೋರೆ?" ಅಂತ ಒಬ್ಬರು. "ಅದೂ ನಮ್ಮ ಊರಾಗ!" ಅಂತ ಇನ್ನೊಬ್ಬರು. ಎಲ್ಲರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ.

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಗೊಂಬೆಯ ಹೆಲ್ಮೆಟ್ ಕೊಯ್ಯುವಾಗ ಒಬ್ಬ ಹುಡುಗನ ಬೆರಳಿಗೆ ಕಟರ್ ತಾಗಿತು. ಇನ್ನು ಮುಂದೆ ಕಟರ್ ಚಿತ್ರಕಲೆ ಮಾಸ್ತರ ಕೈಯಲ್ಲಿ ಮಾತ್ರ ಇರುತ್ತದೆ. ಎಂ-ಸೀಲ್ ಮುಟ್ಟುವವರಿಗೆ ಕೈಗವಸು ಕೊಟ್ಟಿದ್ದೇವೆ. ಅಂಗಿಗೆ ಹತ್ತಿದ ಬಣ್ಣದ ಬಗ್ಗೆಯೂ ದೂರು ಬಂದಿದೆ. ಅದು ಅಕ್ರಿಲಿಕ್, ಹಸಿ ಇದ್ದಾಗ ತೊಳೆದರೆ ಹೋಗುತ್ತದೆ. ಒಣಗಿದರೆ ಹೋಗುವುದಿಲ್ಲ, ಸುಮ್ನೆ ಸುಳ್ಳು ಹೇಳುವುದಿಲ್ಲ.

ಮಕ್ಕಳು ಏನು ಮಾಡುತ್ತಿದ್ದಾರೆ ಅಂತ ನೋಡದೇ ಇರುವವರಿಗೆ ಹೇಳುತ್ತೇನೆ. ಜಾತ್ರೆಯಲ್ಲಿ ಚೀಲದ ಲೆಕ್ಕದಲ್ಲಿ ಸಿಗುವ ಹಸಿರು ಪ್ಲಾಸ್ಟಿಕ್ ಸೈನಿಕರು ನಿಮಗೆ ಗೊತ್ತೇ ಇದೆ. ಅವರೆಲ್ಲ ಈಗಿನ ಕಾಲದವರು, ಹೆಲ್ಮೆಟ್, ಮಷಿನ್ ಗನ್. ಅವರನ್ನು ಕಿತ್ತೂರು ಕಾಳಗ ನಡೆದ 1824ಕ್ಕೆ ಕರೆದೊಯ್ಯಬೇಕು. ಮೊದಲು ಸೋಪಿನ ನೀರಲ್ಲಿ ತೊಳೆಯುತ್ತಾರೆ, ಇಲ್ಲದಿದ್ದರೆ ಜಿಡ್ಡಿಗೆ ಬಣ್ಣ ಕೂರುವುದಿಲ್ಲ. ಆಮೇಲೆ ನೀರು ಬೆರೆಸಿದ ಫೆವಿಕಾಲ್ ಒಂದು ಕೈ. ಈ ಪ್ಲಾಸ್ಟಿಕ್ ಬಾಗುತ್ತದೆ, ಬಾಗಿದರೆ ಬಣ್ಣ ಸಿಪ್ಪೆ ಏಳುತ್ತದೆ. ಫೆವಿಕಾಲ್ ಇದ್ದರೆ ಅಷ್ಟು ಏಳುವುದಿಲ್ಲ. ಹೆಲ್ಮೆಟ್ ಕೊಯ್ದ ಜಾಗಕ್ಕೆ ಎಂ-ಸೀಲ್ ಎಳೆ ಹೊಸೆದು ಸುತ್ತಿದರೆ ರುಮಾಲು ಆಯಿತು. ಮಷಿನ್ ಗನ್ ತೆಗೆದು ಪೊರಕೆ ಕಡ್ಡಿ ಅಂಟಿಸಿದರೆ ಉದ್ದನೆಯ ಕೋವಿ. ರಾಣಿಯ ಬಂಟ ಅಮಟೂರ ಬಾಳಪ್ಪನ ಕೈಯಲ್ಲಿ ಈಗ ಇರುವುದು ನಮ್ಮ ಶಾಲೆಯ ಪೊರಕೆಯ ಕಡ್ಡಿಯೇ.

"ಮಕ್ಕಳಿಗೆ ಯುದ್ಧ ಕಲಿಸ್ತೀರಾ?" ಎಂಬುದಕ್ಕೆ ಚಿಕ್ಕ ಉತ್ತರ. ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ 1913ರಲ್ಲೇ ಇಂಥ ಆಟಕ್ಕೆ ನಿಯಮ ಬರೆದು ಪುಸ್ತಕ ಮಾಡಿದ್ದರು. ನಿಜವಾದ ಯುದ್ಧ ಎಂಥ ಮೂರ್ಖತನ ಅಂತ ಅದೇ ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ. ನಾವು ಅವರ ನಿಯಮಗಳನ್ನೇ ಸ್ವಲ್ಪ ಹಗುರ ಮಾಡಿಕೊಂಡಿದ್ದೇವೆ. ಒಂದು ಸರದಿಗೆ ಕಾಲಾಳು ಒಂದು ಅಡಿ, ಕುದುರೆ ಎರಡು ಅಡಿ, ದಾರದಲ್ಲಿ ಅಳೆದು. ಅವರ ತೋಪು ಮರದ ಚೂರು ಹಾರಿಸುತ್ತಿತ್ತು. ನಮ್ಮದು ಬಟ್ಟೆ ಕ್ಲಿಪ್ಪಿನ ತೋಪು, ಹುಣಸೆ ಬೀಜ ಹಾರಿಸುತ್ತದೆ. ರಾಣಿಯ ಗೊಂಬೆಗೆ ಯಾರೂ ಗುರಿ ಇಡುವಂತಿಲ್ಲ. ಇದು ಮಕ್ಕಳೇ ಸೇರಿಸಿದ ನಿಯಮ.

ಈಗ ಮುಖ್ಯ ವಿಷಯ. ಸೋತದ್ದು ಯಾಕೆ? ತೋಪಿನ ಹತ್ತಿರ ನಾಲ್ಕು ಜನ ಇಲ್ಲದಿದ್ದರೆ ಅದು ಹಾರುವುದಿಲ್ಲ ಅಂತ ನಿಯಮ. 1824ರ ಅಕ್ಟೋಬರ್ 23ರಂದು ಕೋಟೆ ಬಾಗಿಲು ತೆರೆದು ನುಗ್ಗಿ ನಮ್ಮವರು ಗೆದ್ದರು, ಈಸ್ಟ್ ಇಂಡಿಯಾ ಕಂಪನಿಯ ಕಲೆಕ್ಟರ್ ಥ್ಯಾಕರೆ ಸತ್ತ. ನಮ್ಮ ಹುಡುಗರೂ ಅದನ್ನೇ ಮಾಡಲು ಹೋಗಿ ಎಲ್ಲರನ್ನೂ ಒಟ್ಟಿಗೆ ಹೊರಗೆ ಕಳಿಸಿದರು. ತೋಪು ಅನಾಥವಾಯಿತು. ಅಷ್ಟೇ. ಯಾರೂ ಬೇಕಂತ ರಾಣಿಯನ್ನು ಸೋಲಿಸಿಲ್ಲ.

ಇನ್ನು ಕಂಪನಿ ಕಡೆ ಆಡುವ ವಿಷಯ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಚೆನ್ನಮ್ಮನ ಲಾವಣಿ ಕೇಳಿ ಬೆಳೆದವಳು ನಾನೂ. ಆದರೆ ಎಲ್ಲರೂ ಕಿತ್ತೂರಿನವರೇ ಆದರೆ ಆಟ ಯಾರ ಜೊತೆ? ನಮ್ಮೂರ ನಾಟಕದಲ್ಲಿ ದುರ್ಯೋಧನನ ಪಾತ್ರ ಮಾಡುವವನನ್ನು ಯಾರಾದರೂ ಬೈಯುತ್ತಾರಾ? ಅವನಿಗೆ ಒಂದು ಸಿಳ್ಳೆ ಜಾಸ್ತಿನೇ ಬೀಳುತ್ತದೆ, ಅಲ್ವಾ?

ದೂರು ಕೊಟ್ಟವರಲ್ಲಿ ಒಬ್ಬರ ಮಗಳ ಬಗ್ಗೆಯೇ ಹೇಳುತ್ತೇನೆ, ಹೆಸರು ಬೇಡ. ಅವಳು ಕಂಪನಿ ಸಿಪಾಯಿಗಳಿಗೆ ಕೆಂಪು ಕೋಟು, ಎದೆ ಮೇಲೆ ಬಿಳಿ ಅಡ್ಡಪಟ್ಟಿ ಎಲ್ಲ ಬರೆದು ಮುಖಕ್ಕೆ ಗುಲಾಬಿ ಬಣ್ಣ ಬಳಿದಿದ್ದಳು. ಕಂಪನಿಯ ಸಿಪಾಯಿಗಳು ಹೆಚ್ಚಿನವರು ನಮ್ಮ ಜನರೇ ಅಂತ ಮಾಸ್ತರು ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ ಹದಿನಾಲ್ಕೂ ಮುಖಗಳನ್ನು ಕಂದು ಮಾಡಿದಳು. ಒಬ್ಬನ ಕಿವಿಯ ಹಿಂದೆ ಇನ್ನೂ ಗುಲಾಬಿ ಕಾಣುತ್ತದೆ. "ನಮ್ಮವರನ್ನ ಸೆರೆ ಹಿಡಿದರೆ ರಾಣಿ ಏನು ಮಾಡ್ತಾಳೆ ಸರ್?" ಅಂತ ಕೇಳಿದ್ದೂ ಅವಳೇ. ಸೆರೆ ಸಿಕ್ಕ ಕಂಪನಿಯ ಅಧಿಕಾರಿಗಳಾದ ಎಲಿಯಟ್, ಸ್ಟೀವನ್‌ಸನ್ ಇಬ್ಬರನ್ನೂ ಚೆನ್ನಮ್ಮ ಚೆನ್ನಾಗಿ ನೋಡಿಕೊಂಡು ಬಿಟ್ಟು ಕಳಿಸಿದ ಕಥೆ ಅಂದು ತರಗತಿಯಲ್ಲಿ ಬಂತು. ಈಗ ಸೆರೆ ಸಿಕ್ಕವರಿಗೆ ಹತ್ತಿ ಹಾಸಿದ ಬೂಟಿನ ಡಬ್ಬಿ ಇದೆ. ಕಿತ್ತೂರು ಕಡೆ ಆಡಿದ ಯಾವ ಮಗುವೂ ಈ ಪ್ರಶ್ನೆ ಕೇಳಿರಲಿಲ್ಲ ಅನ್ನುವುದನ್ನು ದಯವಿಟ್ಟು ಗಮನಿಸಿ.

ಆದ್ದರಿಂದ ಬದಿ ಚೀಟಿ ಎತ್ತಿಯೇ ನಿರ್ಧಾರವಾಗುತ್ತದೆ. ಆಟ ಮುಗಿದ ಮೇಲೆ ಮುಂದಿನ ಶನಿವಾರಕ್ಕೆ ಬದಿ ಅದಲುಬದಲು. ಯಾರೂ ವರ್ಷವಿಡೀ ಕೆಂಪು ಕೋಟಿನಲ್ಲೇ ಇರುವುದಿಲ್ಲ. ಅಷ್ಟು ಮಾತ್ರ ಬಿಟ್ಟುಕೊಡಬಲ್ಲೆ. ನನ್ನ ಸ್ವಂತ ಮೊಮ್ಮಗ ಇದೇ ತರಗತಿಯಲ್ಲಿದ್ದಾನೆ, ಅವನಿಗೂ ಈ ಸಲ ಕಂಪನಿಯೇ ಬಂದಿದೆ. ಮನೆಯಲ್ಲಿ ನನ್ನ ಮೇಲೂ ಸಿಟ್ಟಿದೆ.

ನಿಮ್ಮಲ್ಲಿ ಕೇಳುವುದು ಇಷ್ಟೇ: ಬದಿ ಬದಲಿಸಿ ಅಂತ ಮಕ್ಕಳ ಕೈಯಲ್ಲಿ ಚೀಟಿ ಕಳಿಸಬೇಡಿ, ಒಂದು ಹಳೆ ಅಂಗಿ ಕಳಿಸಿ.

ಬರುವ ಶನಿವಾರ ಬೆಳಿಗ್ಗೆ ಹತ್ತಕ್ಕೆ ಆಟ. ಬಂದು ನೋಡಿ, ಚಹಾ ನಮ್ಮದು. ಹಗ್ಗದ ಆಚೆ ನಿಲ್ಲಬೇಕು, ಹೋದ ಸಲ ಒಬ್ಬರ ಚಪ್ಪಲಿಗೆ ಕಿತ್ತೂರಿನ ಮೂರು ಕುದುರೆ ಸಿಕ್ಕಿದ್ದವು.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ

ಮರೆತಿದ್ದೆ: ದಾಸವಾಳದ ಬೇಲಿಯಲ್ಲಿ ಕಳೆದುಹೋಗಿದ್ದ ನಗಾರಿಯವನು ಸಿಕ್ಕಿದ್ದಾನೆ. ತಲೆ ಇಲ್ಲ. ಮಾಸ್ತರು ಗುಂಡುಸೂಜಿ ಚುಚ್ಚಿ ಹೊಸ ತಲೆ ಕೂರಿಸುತ್ತಿದ್ದಾರೆ, ಅಳಬೇಡ ಅಂತ ಮಗನಿಗೆ ಹೇಳಿ.