ಸಿಲಿಂಡ್ರೈಟ್ ಗಂಧಕಾಮ್ಲದ ಲವಣವಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಿಜ್ಞಾನ ಪುಟದಲ್ಲಿ ಕಳೆದ ವಾರ ಬೊಲಿವಿಯಾದ ಅಪರೂಪದ ಖನಿಜ ಸಿಲಿಂಡ್ರೈಟ್ ಕುರಿತು ಬಂದ ಪುಟ್ಟ ಬರಹವನ್ನು ಸಂತೋಷದಿಂದ ಓದಿದೆ. ಚಿನ್ನ, ವಜ್ರಗಳ ಆಚೆಗಿನ ಖನಿಜವೊಂದಕ್ಕೆ ಕನ್ನಡ ದಿನಪತ್ರಿಕೆಯಲ್ಲಿ ಜಾಗ ಸಿಗುವುದೇ ವಿರಳವಾದ್ದರಿಂದ ಮೊದಲು ಅಭಿನಂದನೆ ಹೇಳುತ್ತೇನೆ. ಆದರೆ ಬರಹದ ಜೊತೆಗಿದ್ದ ಮಾಹಿತಿ ಪೆಟ್ಟಿಗೆಯಲ್ಲಿ ಈ ಖನಿಜ ಸೇರುವ ಗುಂಪಿನ ಹೆಸರಾದ ಸಲ್ಫೋಸಾಲ್ಟ್ ಎಂಬ ಪಾರಿಭಾಷಿಕ ಪದವನ್ನು ‘ಗಂಧಕಾಮ್ಲದ ಲವಣ’ ಎಂದೂ, ಚಿತ್ರದ ಅಡಿಯಲ್ಲಿ ಈ ಹರಳುಗಳನ್ನು ‘ಲೋಹದ ಕೊಳವೆಗಳು’ ಎಂದೂ ಬರೆಯಲಾಗಿದೆ. ಎರಡೂ ತಪ್ಪು. ಮೂವತ್ತು ವರ್ಷ ಭೂವಿಜ್ಞಾನ ಪಾಠ ಮಾಡಿದವನಾಗಿ ಇವನ್ನು ಹಾಗೆಯೇ ಬಿಡಲು ಮನಸ್ಸು ಒಪ್ಪಲಿಲ್ಲ.

ಗಂಧಕಾಮ್ಲದ ಲವಣವೆಂದರೆ ಸಲ್ಫೇಟ್. ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವವರೆಲ್ಲ ಬಲ್ಲ ಮೈಲುತುತ್ತ ಅಂಥದ್ದು. ಚೌಳು ಮಣ್ಣಿಗೆ ಹಾಕುವ ಜಿಪ್ಸಮ್ ಅಂಥದ್ದು. ಇವುಗಳಲ್ಲಿ ಗಂಧಕದ ಪ್ರತಿ ಪರಮಾಣುವನ್ನೂ ಆಮ್ಲಜನಕದ 4 ಪರಮಾಣುಗಳು ಸುತ್ತುವರಿದಿರುತ್ತವೆ. ಸಿಲಿಂಡ್ರೈಟ್‌ನ ಸೂತ್ರದಲ್ಲಾದರೋ ಆಮ್ಲಜನಕದ ಒಂದೇ ಒಂದು ಪರಮಾಣುವೂ ಇಲ್ಲ. ಅದರಲ್ಲಿರುವುದು ಸೀಸ, ತವರ, ಆಂಟಿಮನಿ, ಕಬ್ಬಿಣ ಮತ್ತು ಗಂಧಕ ಮಾತ್ರ.

ಈ ಗೊಂದಲಕ್ಕೆ ಬರಹಗಾರರನ್ನಷ್ಟೇ ಹೊಣೆ ಮಾಡಲಾರೆ, ಏಕೆಂದರೆ ದಾರಿ ತಪ್ಪಿಸುವ ಗುಣ ಸಲ್ಫೋಸಾಲ್ಟ್ ಎಂಬ ಹೆಸರಿನಲ್ಲೇ ಇದೆ. ಆಮ್ಲಜನಕವುಳ್ಳ ಆಮ್ಲಗಳಿಂದ ಲವಣಗಳು ಹುಟ್ಟುವ ಹಾಗೆ, ಆಮ್ಲಜನಕದ ಜಾಗದಲ್ಲಿ ಗಂಧಕವಿರುವ ಆಮ್ಲಗಳಿಂದ ಇಂಥ ಖನಿಜಗಳು ಹುಟ್ಟಿರಬೇಕೆಂದು ಹತ್ತೊಂಬತ್ತನೆಯ ಶತಮಾನದ ರಸಾಯನಶಾಸ್ತ್ರಜ್ಞರು ಊಹಿಸಿದ್ದರು. ಬೆಳ್ಳಿಯ 3, ಆರ್ಸೆನಿಕ್‌ನ 1, ಗಂಧಕದ 3 ಪರಮಾಣುಗಳಿರುವ ಕೆಂಪು ಖನಿಜ ಪ್ರೌಸ್ಟೈಟನ್ನು ಅಂಥ ಆಮ್ಲವೊಂದರ ಬೆಳ್ಳಿಯ ಲವಣವೆಂದೇ ಲೆಕ್ಕ ಹಾಕಿದ್ದರು. ಮುಂದೆ ಕ್ಷ-ಕಿರಣಗಳ ನೆರವಿನಿಂದ ಹರಳುಗಳ ಒಳರಚನೆ ಕಾಣತೊಡಗಿದಾಗ ಆ ಊಹೆ ಬಿದ್ದುಹೋಯಿತು. ಹೆಸರು ಮಾತ್ರ ಉಳಿದುಕೊಂಡಿತು.

ಇಂದು ಒಂದು ಖನಿಜವನ್ನು ಸಲ್ಫೋಲವಣ, ಅಂದರೆ ಸಲ್ಫೋಸಾಲ್ಟ್, ಎಂದು ಕರೆಯಲು ನೋಡುವುದು ಆರ್ಸೆನಿಕ್, ಆಂಟಿಮನಿ ಅಥವಾ ಬಿಸ್ಮತ್ ಅದರೊಳಗೆ ಯಾವ ಪಾತ್ರ ವಹಿಸಿದೆ ಎಂಬುದನ್ನು. ಇದನ್ನು ತರಗತಿಯಲ್ಲಿ ವಿವರಿಸುವಾಗ ನಾನು ನಮ್ಮ ಹಟ್ಟಿಯ ಚಿನ್ನದ ಅದಿರಿನೊಂದಿಗೆ ಸಿಗುವ ಆರ್ಸೆನೋಪೈರೈಟನ್ನೇ ಮೊದಲು ಕೈಗೆತ್ತಿಕೊಳ್ಳುತ್ತಿದ್ದೆ. ಅದರಲ್ಲಿ ಕಬ್ಬಿಣ, ಆರ್ಸೆನಿಕ್, ಗಂಧಕ ಮೂರೂ ಇವೆ. ಆದರೂ ಅದು ಸಲ್ಫೋಲವಣವಲ್ಲ, ಏಕೆಂದರೆ ಅಲ್ಲಿ ಆರ್ಸೆನಿಕ್ ಗಂಧಕದ ಜೊತೆ ಜೋಡಿಯಾಗಿ, ಗಂಧಕದ ಪಕ್ಷದಲ್ಲೇ ನಿಂತಿರುತ್ತದೆ. ಸಲ್ಫೋಲವಣದಲ್ಲಿ ಆರ್ಸೆನಿಕ್ ಅಥವಾ ಆಂಟಿಮನಿ ಪಕ್ಷ ಬದಲಿಸಿ ಲೋಹದ ಸಾಲಿಗೆ ಬರುತ್ತದೆ: ಗಂಧಕದ 3 ಪರಮಾಣುಗಳನ್ನು ಹಿಡಿದು ಗಿಡ್ಡ ಗೋಪುರದಂಥ ಆಕಾರ ತಾಳುತ್ತದೆ, ಬಂಧಕ್ಕೆ ಒಳಪಡದ ಒಂದು ಎಲೆಕ್ಟ್ರಾನ್ ಜೋಡಿಯನ್ನು ಇನ್ನೊಂದು ಬದಿಗೆ ಚಾಚಿಕೊಂಡಿರುತ್ತದೆ. ಹಾಗಾದರೆ ಆರ್ಸೆನಿಕ್ ಮತ್ತು ಗಂಧಕವಷ್ಟೇ ಇರುವ ಹರಿತಾಳ ಸಲ್ಫೋಲವಣವೇ ಎಂದು ಜಾಣ ವಿದ್ಯಾರ್ಥಿಗಳು ಕೇಳುತ್ತಿದ್ದರು. ಅಲ್ಲ; ಜೊತೆಗೆ ಸೀಸ, ತಾಮ್ರ, ಬೆಳ್ಳಿಯಂಥ ಬೇರೊಂದು ಲೋಹವೂ ಇರಬೇಕು. ಈ ಲಕ್ಷಣಕ್ಕೆ ಒಪ್ಪುವ ಖನಿಜಗಳು ಈವರೆಗೆ 200ಕ್ಕೂ ಹೆಚ್ಚು ತಿಳಿದಿವೆ, ಬಹುಪಾಲು ಅಪರೂಪದವು.

ಸಿಲಿಂಡ್ರೈಟ್ ಬೆಳಕಿಗೆ ಬಂದದ್ದು 1893ರಲ್ಲಿ. ಬೊಲಿವಿಯಾದ ಓರುರೋ ಪ್ರಾಂತ್ಯದ ಪೂಪೋ ಬಳಿಯ ಸಾಂತಾ ಕ್ರೂಜ್ ಗಣಿಯಿಂದ ಬಂದ ಮಾದರಿಗಳನ್ನು ಜರ್ಮನಿಯ ಫ್ರೈಬರ್ಗ್‌ನ ಆಗಸ್ಟ್ ಫ್ರೆಂಟ್ಸೆಲ್ ವಿವರಿಸಿ, ಹರಳಿನ ಆಕಾರವನ್ನೇ ಅದರ ಹೆಸರಾಗಿಸಿದರು. ಅದೇ ವರ್ಷ, ಅದೇ ಫ್ರೈಬರ್ಗ್‌ನಿಂದ, ಆಲ್ಫ್ರೆಡ್ ಸ್ಟೆಲ್ಟ್ಸ್‌ನರ್ ಅದರ ಹತ್ತಿರದ ನಂಟನಾದ ಫ್ರಾಂಕೈಟನ್ನು ವಿವರಿಸಿದರು. ಅದು ಬೊಲಿವಿಯಾದ ಪೊಟೊಸಿ ಪ್ರಾಂತ್ಯದ ಚೊಕಾಯದ್ದು. ಲೋಕದ ತವರದ ಬಹುಭಾಗ ಆಮ್ಲಜನಕದೊಡನೆ ಕೂಡಿದ ಕ್ಯಾಸಿಟರೈಟ್ ಎಂಬ ಅದಿರಿನಿಂದ ಬರುವಾಗ, ಬೊಲಿವಿಯಾದ ಆಂಡೀಸ್ ಬೆಟ್ಟಗಳ ಬಂಡೆಯ ಬಿರುಕುಗಳಲ್ಲಿ ಬಿಸಿನೀರಿನಿಂದ ಮೂಡಿದ ಅದಿರಿನ ಎಳೆಗಳಲ್ಲಿ ತವರವು ಗಂಧಕದೊಡನೆಯೂ ಹೀಗೆ ಬಗೆಬಗೆಯಾಗಿ ಕೂಡಿಕೊಂಡಿದೆ.

ಸಿಲಿಂಡ್ರೈಟ್‌ನ ಆದರ್ಶ ಸೂತ್ರದಲ್ಲಿ ಕಬ್ಬಿಣದ 1, ಸೀಸದ 3, ತವರದ 4, ಆಂಟಿಮನಿಯ 2 ಮತ್ತು ಗಂಧಕದ 14 ಪರಮಾಣುಗಳಿವೆ. ತೂಕದ ಲೆಕ್ಕದಲ್ಲಿ ಸುಮಾರು ಮೂರನೆಯ ಒಂದು ಭಾಗ ಸೀಸ, ಕಾಲು ಭಾಗ ತವರ. ಬಣ್ಣ ಸೀಸದ ಬೂದಿನಿಂದ ಕಪ್ಪಿನವರೆಗೆ. ಉಜ್ಜಿದರೆ ಬೀಳುವ ಗೆರೆ ಕಪ್ಪು. ಮೋಸ್ ಅಳತೆಯಲ್ಲಿ ಗಡಸುತನ 2.5, ಅಂದರೆ ತಾಮ್ರದ ನಾಣ್ಯದಿಂದ ಗೀರಬಹುದಾದಷ್ಟು ಮೆದು. ಸಾಪೇಕ್ಷ ಸಾಂದ್ರತೆ ಸುಮಾರು 5.4, ಬೆಣಚುಕಲ್ಲಿನ ಎರಡು ಪಟ್ಟು. ವಿದ್ಯಾರ್ಥಿಯಾಗಿದ್ದಾಗ ನಮ್ಮ ಗುರುಗಳು ಹೆಬ್ಬೆರಳಿನ ಉಗುರಿನಷ್ಟು ತುಣುಕೊಂದನ್ನು ನನ್ನ ಅಂಗೈಯಲ್ಲಿಟ್ಟಿದ್ದರು. ಅಷ್ಟು ಚಿಕ್ಕದಕ್ಕೆ ಇಷ್ಟು ಭಾರವೇ ಎಂದು ಬೆರಗಾದದ್ದು ಇಂದಿಗೂ ನೆನಪಿದೆ. ಹೊಳಪು ಲೋಹದ್ದು ನಿಜ, ಆದರೆ ಲೋಹದಂತೆ ಹೊಳೆಯುವುದೆಲ್ಲ ಲೋಹವಾಗುವುದಿಲ್ಲ. ಇದೊಂದು ಸಂಯುಕ್ತ, ವಿದ್ಯುತ್ತಿನ ವಿಷಯದಲ್ಲಿ ಅರೆವಾಹಕ.

ಇನ್ನು ‘ಕೊಳವೆ’ಯ ಮಾತು. ಬಾಳೆಯ ಸುಳಿ ಬಿಚ್ಚುವ ಮುನ್ನ ಎಲೆ ತನ್ನನ್ನೇ ಸುತ್ತಿಕೊಂಡು ದುಂಡಗೆ ನಿಂತಿರುತ್ತದಲ್ಲ, ಸಿಲಿಂಡ್ರೈಟ್‌ನ ಹರಳು ಹಾಗಿರುತ್ತದೆ. ಅದು ತೆಳುಹಾಳೆಗಳ ಸುರುಳಿ. ಒತ್ತಿದರೆ ಒಂದರೊಳಗೊಂದಿರುವ ಪದರಗಳು ಬಿಡಿಬಿಡಿಯಾಗಿ ಕಳಚುತ್ತವೆ. ಇದರ ಕಾರಣ ಒಳರಚನೆಯಲ್ಲಿದೆ. ಈ ಖನಿಜದಲ್ಲಿ ಎರಡು ಬಗೆಯ ಪದರಗಳು ಒಂದಾದ ಮೇಲೊಂದು ಬರುತ್ತವೆ: ಒಂದು ಸೀಸದ ಅದಿರಾದ ಗಲೀನಾದ ರಚನೆಯನ್ನು ಹೋಲುವ, ಚೌಕದಂಥ ಜೋಡಣೆಯದು, ಇನ್ನೊಂದು ತವರದ ಡೈಸಲ್ಫೈಡನ್ನು ಹೋಲುವ, ಷಟ್ಕೋನದ ಜೋಡಣೆಯದು. ಚೌಕದ ಹೆಜ್ಜೆಗೂ ಷಟ್ಕೋನದ ಹೆಜ್ಜೆಗೂ ಅಳತೆ ಪೂರ್ತಿ ಕೂಡಿ ಬರುವುದಿಲ್ಲ. ಬೇರೆ ಬೇರೆ ಅಳತೆಯ ಎರಡು ಪದರಗಳು ಬೆನ್ನಿಗೆ ಬೆನ್ನು ಅಂಟಿದಾಗ ಹಾಳೆ ಒಂದು ಕಡೆಗೆ ಬಾಗಬಲ್ಲದು. ಬಾಗುತ್ತ ಬೆಳೆದು ಸುರುಳಿಯಾಗುತ್ತದೆ. ಕಲ್ನಾರಿನ ಒಂದು ಬಗೆಯಾದ ಕ್ರೈಸೊಟೈಲ್‌ನ ಎಳೆಗಳು ಸುತ್ತಿಕೊಳ್ಳುವುದೂ ಇಂಥದೇ ಹೊಂದಿಕೆಯ ಕೊರತೆಯಿಂದ. ಆದರೆ ಅಲ್ಲಿ ಸುರುಳಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುತ್ತದೆ. ಇಲ್ಲಿ ಬರಿಗಣ್ಣಿಗೇ ಕಾಣುತ್ತದೆ. ನನ್ನ ದೃಷ್ಟಿಯಲ್ಲಿ ಸಿಲಿಂಡ್ರೈಟ್‌ನ ನಿಜವಾದ ಬೆಲೆ ಇರುವುದೇ ಇಲ್ಲಿ, ಅದರಲ್ಲಿರುವ ತವರದಲ್ಲಲ್ಲ.

ವರ್ಗೀಕರಣದಲ್ಲೂ ಈ ಪದರಗಳಿಗೆ ಪಾತ್ರವಿದೆ. ಖನಿಜಗಳನ್ನು ವಿಂಗಡಿಸುವ ಎರಡು ಪದ್ಧತಿಗಳಲ್ಲಿ ಡೇನಾ ಪದ್ಧತಿ ಸಲ್ಫೋಲವಣಗಳನ್ನು 3ನೆಯ ವರ್ಗವಾಗಿ ಪ್ರತ್ಯೇಕವಾಗಿಡುತ್ತದೆ. ಷ್ಟ್ರುಂಟ್ಸ್ ಪದ್ಧತಿ ಅವನ್ನು ಸಲ್ಫೈಡ್‌ಗಳ ಜೊತೆಯಲ್ಲೇ 2ನೆಯ ವರ್ಗದಲ್ಲಿ ಸೇರಿಸಿ, ಒಳರಚನೆಯ ಮೂಲಮಾದರಿಯನ್ನು ನೋಡಿ ಗುಂಪು ಮಾಡುತ್ತದೆ. ಎರಡರಲ್ಲೂ ಸಿಲಿಂಡ್ರೈಟ್ ಮತ್ತು ಫ್ರಾಂಕೈಟ್ ಅಕ್ಕಪಕ್ಕದಲ್ಲೇ ಇವೆ. ಅವುಗಳ ಮುಖ್ಯ ವ್ಯತ್ಯಾಸವೆಂದರೆ ಗಲೀನಾದಂಥ ಪದರ ಸಿಲಿಂಡ್ರೈಟ್‌ನಲ್ಲಿ 2 ಪರಮಾಣು ಹಾಳೆಗಳಷ್ಟು, ಫ್ರಾಂಕೈಟ್‌ನಲ್ಲಿ 4 ಹಾಳೆಗಳಷ್ಟು ದಪ್ಪವಿರುವುದು. ಕುರಿಲ್ ದ್ವೀಪಗಳ ಕುದ್ರ್ಯಾವಿ ಜ್ವಾಲಾಮುಖಿಯ ಬಿಸಿ ಅನಿಲಗಳಿಂದ ರೂಪುಗೊಂಡ, ಇಂಡಿಯಮ್ ಮತ್ತು ಬಿಸ್ಮತ್ ಇರುವ ಅಬ್ರಮೊವೈಟ್ ಕೂಡ ಇದೇ ಕುಟುಂಬಕ್ಕೆ ಸೇರುತ್ತದೆ. ಯಾರದೋ ಒಂದು ಶತಮಾನದ ಹಿಂದಿನ ಕುತೂಹಲವೆಂದು ಇದನ್ನು ಬದಿಗಿಡುವ ಹಾಗಿಲ್ಲ: ಪ್ರಯೋಗಾಲಯಗಳಲ್ಲಿ ಎರಡು ವಸ್ತುಗಳ ತೆಳುಪದರಗಳನ್ನು ಕಷ್ಟಪಟ್ಟು ಒಂದರ ಮೇಲೊಂದು ಪೇರಿಸುತ್ತಿರುವ ಭೌತವಿಜ್ಞಾನಿಗಳು, ಪ್ರಕೃತಿಯೇ ಪೇರಿಸಿಟ್ಟ ಫ್ರಾಂಕೈಟ್‌ನಿಂದ ಕೆಲವೇ ನ್ಯಾನೊಮೀಟರ್ ದಪ್ಪದ ಹಾಳೆಗಳನ್ನು ಬಿಡಿಸಿ 2017ರಲ್ಲಿ ವರದಿ ಮಾಡಿದರು, ಆಮೇಲೆ ಸಿಲಿಂಡ್ರೈಟ್‌ನ ಹಾಳೆಗಳನ್ನೂ ಬಿಡಿಸಿ, ಅದರೊಳಗಿನ ಕಬ್ಬಿಣದಿಂದಾಗಿ ಅವುಗಳಿಗಿರುವ ಕಾಂತೀಯ ಗುಣವನ್ನು ಅಧ್ಯಯನ ಮಾಡಿದ್ದಾರೆ.

ತಮ್ಮ ವಿಜ್ಞಾನ ಪುಟವನ್ನು ಕತ್ತರಿಸಿ ಶಾಲೆಯ ಭಿತ್ತಿಫಲಕಕ್ಕೆ ಅಂಟಿಸುವ ಮೇಷ್ಟ್ರುಗಳನ್ನು ನಾನು ಬಲ್ಲೆ. ಸಲ್ಫೇಟ್, ಸಲ್ಫೈಡ್, ಸಲ್ಫೋಲವಣ ಮೂರಕ್ಕೂ ‘ಗಂಧಕದ ಉಪ್ಪು’ ಎಂಬ ಒಂದೇ ಮಾತು ಅಲ್ಲಿ ಕಂಡರೆ ಮಕ್ಕಳು ಅದನ್ನೇ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಆದ್ದರಿಂದ ಮುಂದಿನ ವಿಜ್ಞಾನ ಪುಟದಲ್ಲಿಯೇ, ಮೂಲ ಪೆಟ್ಟಿಗೆ ಇದ್ದಷ್ಟೇ ಜಾಗದಲ್ಲಿ, ಈ ಎರಡು ತಿದ್ದುಪಡಿಗಳನ್ನು ಪ್ರಕಟಿಸಬೇಕೆಂದು ಕೋರುತ್ತೇನೆ. ಸಲ್ಫೋಲವಣ ಎಂಬ ಪದ ಓದುಗರಿಗೆ ಹೊಸದೆನಿಸಿದರೆ ಸಲ್ಫೋಸಾಲ್ಟ್ ಎಂದೇ ಬರೆದು, ಆರ್ಸೆನಿಕ್, ಆಂಟಿಮನಿ ಅಥವಾ ಬಿಸ್ಮತ್ ಇನ್ನೊಂದು ಲೋಹದೊಡನೆ ಸೇರಿ ಗಂಧಕದೊಂದಿಗೆ ಕೂಡಿದ ಖನಿಜ ಎಂದು ಒಂದು ಸಾಲಿನ ವಿವರಣೆ ಕೊಟ್ಟರೂ ಸಾಕು.

ಇಂತು ತಮ್ಮ ವಿಶ್ವಾಸಿ,
ನಿವೃತ್ತ ಭೂವಿಜ್ಞಾನ ಅಧ್ಯಾಪಕ, ಶಿವಮೊಗ್ಗ